ಲಿಬ್ರೆ ಆಫೀಸ್ ರೈಟರ್‌ಗೆ ನುಡಿ–ಯುನಿಕೋಡ್ ಎಕ್ಸ್‌ಟೆನ್ಷನ್: ಯಾವ ಟೂಲ್ ಹಿಡಿದು ಶುರು ಮಾಡಲಿ?

ಹೇಮಾವತಿದಡ · ಭಾನುವಾರ ರಾತ್ರಿ 9:10

ಎಲ್ಲರಿಗೂ ನಮಸ್ಕಾರ. ನಮ್ಮೂರಿನ ಓದುಗರ ಬಳಗ ಪ್ರತಿ ವರ್ಷ ಒಂದು ಸ್ಮರಣ ಸಂಚಿಕೆ ತರುತ್ತದೆ. 2003ರಿಂದ ಈಚಿನ ಎಲ್ಲ ಸಂಚಿಕೆಗಳ ಫೈಲ್‌ಗಳು ಈಗ ನನ್ನ ಕೈಗೆ ಬಂದಿವೆ. ಮುನ್ನೂರಕ್ಕೂ ಜಾಸ್ತಿ ಇವೆ. ಎಲ್ಲವೂ ವರ್ಡ್ ಫೈಲ್, ಬಹುಪಾಲು 'ನುಡಿ' ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ್ದು. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ 'ಕನ್ನಡ' ಎಂಬ ಪದ ಇರಬೇಕಾದ ಕಡೆ ದೊಡ್ಡ ಪಿ, ತಲೆಯ ಮೇಲೆ ಓರೆಗೆರೆ ಹೊತ್ತ ಎ, ಪೌಂಡ್ ಗುರುತು, ಮತ್ತೆ ಅದೇ ಎ, ಜರ್ಮನ್ನರ ಎಸ್, ಸಣ್ಣ ಕ್ಯೂ, ಕೊನೆಗೆ ಇನ್ನೊಂದು ಎ ಕಾಣಿಸುತ್ತದೆ. ಇಷ್ಟು ವರ್ಷದ ಬರಹ ಇದ್ದೂ ಒಂದು ಪದ ಹುಡುಕಲು ಆಗುವುದಿಲ್ಲ.

ಪಠ್ಯವನ್ನು ಕಾಪಿ ಮಾಡಿ ಹಾಕಿದರೆ ಯುನಿಕೋಡ್ (ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಅಕ್ಷರ ಸಂಕೇತ) ಮಾಡಿಕೊಡುವ ಪುಟಗಳಿವೆ, ಗೊತ್ತು. ಆದರೆ ಹಾಗೆ ಮಾಡಿದರೆ ದಪ್ಪಕ್ಷರ, ಟೇಬಲ್, ಅಡಿಟಿಪ್ಪಣಿ ಎಲ್ಲ ಹೋಗಿಬಿಡುತ್ತವೆ. ನನಗೆ ಬೇಕಾದ್ದು ಲಿಬ್ರೆ ಆಫೀಸಿನ ರೈಟರ್ (ವರ್ಡ್‌ನಂಥ ಭಾಗ) ಒಳಗೇ ಒಂದು ಬಟನ್. ಒತ್ತಿದರೆ ಇದ್ದ ಜಾಗದಲ್ಲೇ ಅಕ್ಷರ ಬದಲಾಗಬೇಕು, ಪುಟದ ರೂಪ ಹಾಗೇ ಉಳಿಯಬೇಕು.

ಪ್ರೋಗ್ರಾಮಿಂಗ್ ಗೊತ್ತಿದೆ, ಆದರೆ ಆಫೀಸ್ ಎಕ್ಸ್‌ಟೆನ್ಷನ್ ಮಾಡಿದವನಲ್ಲ. ಹುಡುಕಿದರೆ ನೆಟ್‌ಬೀನ್ಸ್ ಪ್ಲಗಿನ್, ಎಕ್ಲಿಪ್ಸ್ ಪ್ಲಗಿನ್, ಎಸ್‌ಡಿಕೆ, ಪೈತಾನ್, ಬೇಸಿಕ್ ಅಂತ ಐದು ದಾರಿ ಕಾಣುತ್ತವೆ (ಮೊದಲೆರಡು ಕೋಡ್ ಬರೆಯುವ ಎಡಿಟರ್‌ಗಳಿಗೆ ಸೇರಿಸುವಂಥವು, ಎಸ್‌ಡಿಕೆ ಡೆವಲಪರ್‌ಗಳ ಪರಿಕರಗಳ ಕಟ್ಟು, ಉಳಿದೆರಡು ಪ್ರೋಗ್ರಾಮಿಂಗ್ ಭಾಷೆ). ಯಾವುದು ಹಿಡಿಯಲಿ?

ಹಳೇಮೊಳೆ · ಭಾನುವಾರ ರಾತ್ರಿ 10:35

ಒಳ್ಳೆಯ ಕೆಲಸಕ್ಕೆ ಕೈ ಹಾಕಿದ್ದೀರಿ. ಓಪನ್ ಆಫೀಸ್ ಕಾಲದಿಂದ ಇದರಲ್ಲಿ ಕೈಯಾಡಿಸಿದ್ದೇನೆ, ಹಾಗಾಗಿ ಮೊದಲು ಗೊಂದಲ ಬಿಡಿಸುತ್ತೇನೆ.

ಆ ಐದರ ಕೆಳಗೂ ಇರುವುದು ಒಂದೇ: ಯುನೋ. ಆಫೀಸಿನ ಒಳಗಿನ ಪ್ರತಿಯೊಂದು ವಸ್ತುವನ್ನೂ (ಫೈಲ್, ಪ್ಯಾರಾ, ಟೇಬಲ್, ಸೆಲ್) ಹೊರಗಿನ ಭಾಷೆಗೆ ತೋರಿಸುವ ಪದರ ಅದು. ಸಿ ಪ್ಲಸ್ ಪ್ಲಸ್, ಜಾವಾ, ಪೈತಾನ್, ಬೇಸಿಕ್, ಯಾವುದರಿಂದ ಹೋದರೂ ಕೊನೆಗೆ ಮುಟ್ಟುವುದು ಅದೇ ಹೆಸರುಗಳನ್ನು. ಆ ಹೆಸರುಗಳು ಇವತ್ತಿಗೂ 'ಕಾಮ್ ಡಾಟ್ ಸನ್ ಡಾಟ್ ಸ್ಟಾರ್' ಎಂದೇ ಶುರುವಾಗುತ್ತವೆ. ಸನ್ ಕಂಪನಿ 1999ರಲ್ಲಿ ಸ್ಟಾರ್ ಆಫೀಸನ್ನು ಕೊಂಡು 2000ದಲ್ಲಿ ಓಪನ್ ಆಫೀಸ್ ಎಂದು ಕೋಡ್ ಬಿಡುಗಡೆ ಮಾಡಿತು. ಆಮೇಲೆ ಅದು ಒರಾಕಲ್ ಕೈಗೆ ಹೋಯಿತು, 2010ರ ಸೆಪ್ಟೆಂಬರಿನಲ್ಲಿ ಲಿಬ್ರೆ ಆಫೀಸ್ ಕವಲೊಡೆಯಿತು. ಹೆಸರು ಮಾತ್ರ ಬದಲಾಗಲಿಲ್ಲ. ಬದಲಾಗದಿದ್ದದ್ದೇ ಒಳ್ಳೆಯದಾಯಿತು. ಹದಿನೈದು ವರ್ಷದ ಹಿಂದಿನ ಉದಾಹರಣೆ ಕೋಡ್ ಇವತ್ತೂ ಬಹಳಷ್ಟು ಮಟ್ಟಿಗೆ ಓಡುತ್ತದೆ.

ನೆಟ್‌ಬೀನ್ಸ್ ಪ್ಲಗಿನ್ ಸನ್ ಕಾಲದ್ದು. ಆಗ ತುಂಬಾ ಚೆನ್ನಾಗಿತ್ತು, ನಾನೇ ಬಳಸಿದ್ದೇನೆ. ಈಗ ಅದನ್ನು ಹಿಡಿಯಬೇಡಿ, ಹಳೆಯ ನೆಟ್‌ಬೀನ್ಸ್‌ಗೆ ಮಾಡಿದ್ದು. ಎಕ್ಲಿಪ್ಸ್ ಪ್ಲಗಿನ್ ಲಿಬ್ರೆ ಆಫೀಸ್ ಕಡೆಗೆ ಬಂದಿದೆ, ಜಾವಾ ಬರೆಯುವವರಿಗೆ ಸರಿ.

ನಿಮ್ಮ ಕೆಲಸಕ್ಕೆ ಪೈತಾನ್ ಸಾಕು. ಕಾರಣ ಒಂದೇ: ಇದನ್ನು ಬಳಸುವವರ ಕಂಪ್ಯೂಟರಿನಲ್ಲಿ ಜಾವಾ ಇದೆಯೋ ಇಲ್ಲವೋ ಅಂತ ನೀವು ಯೋಚಿಸಬೇಕಾಗಿಲ್ಲ. ವಿಂಡೋಸ್‌ನಲ್ಲಿ ಲಿಬ್ರೆ ಆಫೀಸ್ ತನ್ನದೇ ಪೈತಾನ್ ಜೊತೆಯಲ್ಲಿ ಇಟ್ಟುಕೊಂಡು ಬರುತ್ತದೆ.

ತುಂಗಾತೀರ · ಸೋಮವಾರ ಬೆಳಿಗ್ಗೆ 7:50

ಹಳೇಮೊಳೆ ಸರ್, ಜಾವಾ ಬಗ್ಗೆ ಒಂದು ಮಾತು ಹೇಳಲೇಬೇಕು. ಎಕ್ಲಿಪ್ಸ್ ಪ್ಲಗಿನ್‌ನ ದೊಡ್ಡ ಉಪಕಾರ ಏನೆಂದರೆ ಪ್ಯಾಕೇಜಿನ ಅಸ್ಥಿಪಂಜರವನ್ನು ಅದೇ ಕಟ್ಟಿಕೊಡುತ್ತದೆ. ಜೊತೆಗೆ ಯಾವ ವಸ್ತುವಿಗೆ ಯಾವ ಮೆಥಡ್ ಇದೆ ಅಂತ ಟೈಪ್ ಮಾಡುವಾಗಲೇ ತೋರಿಸುತ್ತದೆ. ಪೈತಾನ್‌ನಲ್ಲಿ ಎಡಿಟರ್‌ಗೆ ಏನೂ ಗೊತ್ತಿರುವುದಿಲ್ಲ, ಎಲ್ಲ ಓಡುವಾಗಲೇ ತಿಳಿಯಬೇಕು. ಹೊಸಬರಿಗೆ ಅದು ಕಷ್ಟ ಅಲ್ವಾ? ವ್ಯಾಕರಣ ತಿದ್ದುವ ಲ್ಯಾಂಗ್ವೇಜ್‌ಟೂಲ್‌ನಂಥ ದೊಡ್ಡ ಎಕ್ಸ್‌ಟೆನ್ಷನ್ ಜಾವಾದಲ್ಲೇ ಬರೆದದ್ದು.

ಹಳೇಮೊಳೆ · ಸೋಮವಾರ ಬೆಳಿಗ್ಗೆ 8:30

ನೀವು ಹೇಳಿದ್ದು ನಿಜ. ಕ್ಯಾಲ್ಕ್‌ಗೆ (ಲೆಕ್ಕದ ಹಾಳೆಯ ಭಾಗ) ಹೊಸ ಫಂಕ್ಷನ್ ಸೇರಿಸುವುದಾದರೆ, ಅಂದರೆ ಹೊಸ ಐಡಿಎಲ್ (ಇಂಟರ್‌ಫೇಸಿನ ವಿವರಣೆ) ಬರೆದು ಅದನ್ನು ಆಫೀಸ್ ಓದುವ ಆರ್‌ಡಿಬಿ ಫೈಲ್ ಮಾಡಬೇಕಾದರೆ, ನಾನೂ ಎಸ್‌ಡಿಕೆ ಮತ್ತು ಎಕ್ಲಿಪ್ಸ್ ಕಡೆಗೇ ಕೈ ತೋರಿಸುತ್ತಿದ್ದೆ. ಇಲ್ಲಿ ಹೊಸ ಇಂಟರ್‌ಫೇಸ್ ಒಂದೂ ಬೇಡ. ಇರುವ ಪಠ್ಯವನ್ನು ಓದಿ ತಿದ್ದಿದರೆ ಆಯಿತು.

ಎಡಿಟರ್ ಏನೂ ತೋರಿಸುವುದಿಲ್ಲ ಎಂಬುದಕ್ಕೆ ಮದ್ದಿದೆ. ಲಿಬ್ರೆ ಆಫೀಸ್ 7.2ರಿಂದ ಟೂಲ್ಸ್ ಮೆನುವಿನಲ್ಲೇ ಡೆವಲಪ್‌ಮೆಂಟ್ ಟೂಲ್ಸ್ ಅಂತ ಇದೆ. ಕೆಳಗೆ ಒಂದು ಪಟ್ಟಿ ತೆರೆದುಕೊಳ್ಳುತ್ತದೆ. ಪುಟದಲ್ಲಿ ಏನನ್ನಾದರೂ ಆರಿಸಿ ನೋಡಿ, ಅದರ ಗುಣಗಳು, ಮೆಥಡ್‌ಗಳು, ಸರ್ವೀಸ್‌ಗಳು ಎಲ್ಲ ಕಾಣುತ್ತವೆ. ಅದಕ್ಕೆ ಮೊದಲು ನಾವೆಲ್ಲ ಎಕ್ಸ್‌ರೇ, ಎಂಆರ್‌ಐ ಎಂಬ ಎಕ್ಸ್‌ಟೆನ್ಷನ್ ಹಾಕಿಕೊಂಡು ನೋಡುತ್ತಿದ್ದೆವು. ನನಗೆ ಈಗಲೂ ಎಂಆರ್‌ಐ ಇಷ್ಟ, ಒಂದು ವಸ್ತುವಿನ ಒಳಗಿನಿಂದ ಇನ್ನೊಂದಕ್ಕೆ ಇಳಿಯುತ್ತಾ ಹೋಗಬಹುದು.

ಬಯಲುಗಾಳಿ · ಸೋಮವಾರ ಮಧ್ಯಾಹ್ನ 1:15

ಮುನ್ನೂರು ಫೈಲ್‌ಗೆ ಬಟನ್ ಯಾಕೆ? ಆಫೀಸನ್ನು ಕಿಟಕಿ ಇಲ್ಲದೆ ಹೆಡ್‌ಲೆಸ್ ಆಗಿ ಓಡಿಸಿ, ಒಂದು ಸ್ಕ್ರಿಪ್ಟ್‌ನಿಂದ ಎಲ್ಲವನ್ನೂ ಒಂದೇ ರಾತ್ರಿಯಲ್ಲಿ ಮುಗಿಸಬಹುದು. ಮೆನು, ಪ್ಯಾಕೇಜ್ ಯಾವ ತಾಪತ್ರಯವೂ ಇಲ್ಲ.

ಹೇಮಾವತಿದಡ · ಸೋಮವಾರ ಸಂಜೆ 6:40

ಬಯಲುಗಾಳಿ, ನನ್ನ ಹತ್ತಿರ ಇರುವ ಫೈಲ್‌ಗಳಿಗೆ ಅದು ಸಾಕು. ಆದರೆ ಬಳಗದ ಹಿರಿಯರ ಮನೆಗಳಲ್ಲಿ ಇನ್ನೂ ಎಷ್ಟೋ ಫೈಲ್ ಇವೆ. ಒಬ್ಬರು ನಿವೃತ್ತ ಮೇಷ್ಟ್ರು, ಊರಿನ ಗಾದೆಗಳನ್ನು ನಲವತ್ತು ಫೈಲ್ ಮಾಡಿ ಇಟ್ಟಿದ್ದಾರೆ. ಕಳಿಸಿ ಅಂದರೆ ಒಪ್ಪುವುದಿಲ್ಲ, "ನನಗೇ ಕಲಿಸಿಕೊಡಪ್ಪ, ನಾನೇ ಮಾಡುತ್ತೇನೆ" ಅನ್ನುತ್ತಾರೆ. ಅವರಿಗೆ ಬಟನ್ ಬೇಕು. ಆಮೇಲೆ ಪ್ರತಿ ಪುಟವನ್ನೂ ಬರೆದವರೇ ಕಣ್ಣಾರೆ ನೋಡಿ ಸರಿ ಅನ್ನಬೇಕು ಎಂಬುದು ನನ್ನ ಆಸೆ.

ಹಳೇಮೊಳೆ ಸರ್, ಪೈತಾನ್ ಅಂತ ತೀರ್ಮಾನ ಮಾಡಿದೆ. ಕೆಲಸದ ಜಾಗ ಹೇಗೆ ಕಟ್ಟಿಕೊಳ್ಳಲಿ?

ಹಳೇಮೊಳೆ · ಸೋಮವಾರ ರಾತ್ರಿ 11:05

ಮೂರು ಪದರ ಮಾಡಿಕೊಳ್ಳಿ. ಇದೊಂದನ್ನು ಮಾತ್ರ ದಯವಿಟ್ಟು ಮೊದಲ ದಿನವೇ ಮಾಡಿ.

ಮೊದಲನೆಯದು ಅಕ್ಷರ ಬದಲಿಸುವ ಭಾಗ. ಇದಕ್ಕೆ ಆಫೀಸ್ ಅಂದರೆ ಏನೆಂದೇ ಗೊತ್ತಿರಬಾರದು. ನುಡಿಯ ಸಾಲು ಒಳಗೆ ಹೋಗಬೇಕು, ಯುನಿಕೋಡ್ ಸಾಲು ಹೊರಗೆ ಬರಬೇಕು, ಅಷ್ಟೇ. ಇಲ್ಲಿನ ಕಷ್ಟ ಪೂರಾ ಕನ್ನಡದ್ದು. 'ಅಕ್ಕಿ' ತೆಗೆದುಕೊಳ್ಳಿ. ನುಡಿಯಲ್ಲಿ ಅದು ಕಣ್ಣಿಗೆ ಕಂಡ ಹಾಗೆ ಇರುತ್ತದೆ: ಅ, ಕಿ, ಆಮೇಲೆ ಕ ಒತ್ತು. ಯುನಿಕೋಡಿನಲ್ಲಿ ಬಾಯಲ್ಲಿ ಹೇಳಿದ ಹಾಗೆ: ಅ, ಕ, ಹಲಂತ, ಕ, ಕೊನೆಗೆ ಗುಡಿಸು. ಅಂದರೆ ಸ್ವರವನ್ನು ಎತ್ತಿ ಒತ್ತಿನ ಆಚೆಗೆ ಇಡಬೇಕು. ಅರ್ಕಾವತ್ತು ಇದರ ತಿರುಗುಮುರುಗು. 'ಸೂರ್ಯ' ಪದದಲ್ಲಿ ನುಡಿ ಮೊದಲು ಯ ಬರೆದು ಆಮೇಲೆ ಅರ್ಕಾವತ್ತು ಇಡುತ್ತದೆ. ಯುನಿಕೋಡಿನಲ್ಲಿ ರ ಮತ್ತು ಹಲಂತ ಯ ಅಕ್ಷರದ ಮುಂಚೆ ಬರಬೇಕು. ಇಂಥ ಪದಗಳನ್ನು ನೂರು ಇನ್ನೂರು ಸೇರಿಸಿ ಪರೀಕ್ಷೆ ಬರೆಯಿರಿ. ಆಫೀಸ್ ತೆರೆಯದೆ ಎರಡು ಸೆಕೆಂಡಿನಲ್ಲಿ ಓಡಿಸಿ ನೋಡಬಹುದು. ನನ್ನ ಮಟ್ಟಿಗೆ ಇಡೀ ಎಕ್ಸ್‌ಟೆನ್ಷನ್‌ನ ಜೀವ ಇಲ್ಲೇ ಇದೆ.

ಎರಡನೆಯದು ರೈಟರ್ ಒಳಗೆ ನಡೆದಾಡುವ ಭಾಗ. ಫೈಲಿನ ಪಠ್ಯ ಕೇಳಿದರೆ ಪ್ಯಾರಾಗಳು ಒಂದೊಂದಾಗಿ ಬರುತ್ತವೆ. ಪ್ಯಾರಾವನ್ನು ಮತ್ತೆ ಕೇಳಿದರೆ ತುಂಡುಗಳು ಬರುತ್ತವೆ, ಒಂದೊಂದು ತುಂಡಿಗೂ ಒಂದೇ ರೂಪ. ಆ ತುಂಡಿನ ಫಾಂಟ್ ಹೆಸರು ನುಡಿ ಆಗಿದ್ದರೆ ಮಾತ್ರ ಮುಟ್ಟಿ. ಇಲ್ಲದಿದ್ದರೆ ನಡುವೆ ಇರುವ ಇಂಗ್ಲಿಷ್ ಕೂಡ ಕನ್ನಡದ ಕಲಸುಮೇಲೋಗರ ಆಗುತ್ತದೆ. 'ಬರಹ' ತಂತ್ರಾಂಶದ ಹಳೆಯ ಫಾಂಟ್‌ಗಳದೂ ಬಹುಪಾಲು ಇದೇ ಸಂಕೇತ, ಅವುಗಳ ಹೆಸರನ್ನೂ ಪಟ್ಟಿಯಲ್ಲಿ ಸೇರಿಸಿ. ಟೇಬಲ್ ಬಂದರೆ ಹೆದರಬೇಡಿ. ಸೆಲ್ ಕೂಡ ಒಂದು ಪಠ್ಯವೇ, ಅದೇ ಫಂಕ್ಷನ್ ಅನ್ನು ಅದರ ಮೇಲೂ ಕರೆಯಿರಿ. ಅಡಿಟಿಪ್ಪಣಿಯೂ ಹಾಗೆಯೇ. ಪುಟದ ತಲೆಬರಹ ಮಾತ್ರ ಪುಟದ ಸ್ಟೈಲ್ ಒಳಗೆ ಅಡಗಿರುತ್ತದೆ, ಅಲ್ಲಿಂದ ತೆಗೆಯಬೇಕು. ಎಣಿಸುತ್ತಾ ಹೋಗುವಾಗಲೇ ತಿದ್ದಬೇಡಿ. ಮೊದಲು ತುಂಡುಗಳನ್ನೆಲ್ಲ ಒಂದು ಪಟ್ಟಿಗೆ ಹಾಕಿಕೊಂಡು ಕೊನೆಯಿಂದ ಹಿಂದಕ್ಕೆ ತಿದ್ದುತ್ತಾ ಬನ್ನಿ.

ಮೂರನೆಯದು ಮೆನು, ಬಟನ್, ಪ್ಯಾಕೇಜ್. ಇದು ಕೊನೆಗೆ ಇರಲಿ.

ಎರಡನೆಯ ಪದರವನ್ನು ಬರೆಯುವಾಗ ಆಫೀಸನ್ನು 'ಆಕ್ಸೆಪ್ಟ್' ಆಯ್ಕೆ ಕೊಟ್ಟು 2002ನೇ ಪೋರ್ಟಿನಲ್ಲಿ ಕಿವಿಗೊಟ್ಟು ಕೂರಿಸಿ. ನಿಮ್ಮ ಎಡಿಟರ್‌ನಿಂದಲೇ ಅದಕ್ಕೆ ಸೇರಿಕೊಂಡು ಒಂದೊಂದು ಸಾಲು ಓಡಿಸಿ ನೋಡಬಹುದು, ಬೇಕಾದ ಸಾಲಿನಲ್ಲಿ ನಿಲ್ಲುವ ಹಾಗೆ ಬ್ರೇಕ್‌ಪಾಯಿಂಟ್ ಇಡಬಹುದು. ಉಬುಂಟುವಿನಲ್ಲಿ ಪೈತಾನ್3-ಯುನೋ ಪ್ಯಾಕೇಜ್ ಹಾಕಿದರೆ ಸಿಸ್ಟಮ್ಮಿನ ಪೈತಾನೇ ಸಾಕು. ವಿಂಡೋಸ್ ಆದರೆ ಲಿಬ್ರೆ ಆಫೀಸಿನ ಪ್ರೋಗ್ರಾಮ್ ಫೋಲ್ಡರಿನಲ್ಲಿರುವ ಪೈತಾನ್ ಬಳಸಿ. ಹೊರಗಿನಿಂದ ಕರೆದರೆ ನಿಧಾನ, ಪ್ರತಿ ಕರೆಯೂ ಸೇತುವೆ ದಾಟಿ ಬರಬೇಕು. ದೊಡ್ಡ ಫೈಲಿಗೆ ಕಾಯಬೇಕಾದರೆ ನಿಮ್ಮ ಕೋಡ್ ಕೆಟ್ಟದು ಅಂದುಕೊಳ್ಳಬೇಡಿ. ಅದೇ ಕೋಡ್ ಒಳಗಿನಿಂದ ಬೇಗ ಓಡುತ್ತದೆ.

ಇನ್ನೊಂದು. ಇದಕ್ಕೆಲ್ಲ ಬೇರೆ ಪ್ರೊಫೈಲ್ (ಆಫೀಸ್ ತನ್ನ ಸೆಟ್ಟಿಂಗ್ ಇಡುವ ಫೋಲ್ಡರ್) ಇಟ್ಟುಕೊಳ್ಳಿ. 'ಯೂಸರ್ ಇನ್‌ಸ್ಟಲೇಷನ್' ಆಯ್ಕೆಯಲ್ಲಿ ಬೇರೆ ಫೋಲ್ಡರ್ ತೋರಿಸಿ ಆಫೀಸ್ ಶುರು ಮಾಡಿದರೆ ಪ್ರಯೋಗವೆಲ್ಲ ಅಲ್ಲೇ ನಡೆಯುತ್ತದೆ, ದಿನದ ಕೆಲಸದ ಆಫೀಸ್ ಕೆಡುವುದಿಲ್ಲ.

ಹೇಮಾವತಿದಡ · ಗುರುವಾರ ರಾತ್ರಿ 10:20

ಮೂರು ರಾತ್ರಿ ಕೂತೆ. ಮೊದಲ ಪದರ ಚೆನ್ನಾಗಿ ಬಂದಿದೆ, 180 ಪದಗಳ ಪರೀಕ್ಷೆ ಪಾಸಾಗುತ್ತಿದೆ. ಎರಡನೆಯದೂ ಓಡಿತು. ಪುಟದ ಮೇಲೆ ಕನ್ನಡ ಕನ್ನಡವಾಗಿ ಮೂಡಿದಾಗ ತುಂಬಾ ಖುಷಿಯಾಯಿತು.

ಆದರೆ ಒಂದು ತೊಡಕು. ಲೇಖನದ ತಲೆಬರಹ 20 ಅಳತೆಯ ದಪ್ಪಕ್ಷರದಲ್ಲಿ ಇತ್ತು. ಬದಲಾದ ಮೇಲೆ ಅದು ಸಾದಾ ಅಕ್ಷರ, ಅಳತೆ 12. ಇಡೀ ಫೈಲ್ ಒಂದೇ ಅಳತೆಗೆ ಬಂದು ನಿಂತಿದೆ. ನಾನು ರೂಪವನ್ನು ಮುಟ್ಟೇ ಇಲ್ಲ, ಬರೀ ಅಕ್ಷರ ಬದಲಿಸಿದ್ದು. ಡೆವಲಪ್‌ಮೆಂಟ್ ಟೂಲ್ಸ್‌ನಲ್ಲಿ ನೋಡಿದರೆ ಅಳತೆ ಈಗಲೂ 20 ಅಂತಲೇ ಇದೆ, ದಪ್ಪ ಅಂತಲೂ ಇದೆ. ಪುಟದಲ್ಲಿ ಮಾತ್ರ ಇಲ್ಲ. ಎರಡು ದಿನ ತಲೆ ಕೆಡಿಸಿಕೊಂಡೆ.

ಮೊಳೆಜೋಡಣೆ · ಗುರುವಾರ ರಾತ್ರಿ 10:55

ನಾನು ಪ್ರೋಗ್ರಾಮರ್ ಅಲ್ಲ, ಹದಿನೆಂಟು ವರ್ಷದಿಂದ ಡಿಟಿಪಿ ಮಾಡುತ್ತಿದ್ದೇನೆ. ಆದರೆ ಇದು ನನಗೆ ಗೊತ್ತು. ರೈಟರ್‌ನಲ್ಲಿ ಅಕ್ಷರದ ಡೈಲಾಗ್ ತೆರೆದು ನೋಡಿ. ಇಂಗ್ಲಿಷಿನಂಥ ಪಾಶ್ಚಾತ್ಯ ಲಿಪಿಗೆ ಒಂದು ಫಾಂಟ್, ಒಂದು ಅಳತೆ. ಅದರ ಕೆಳಗೆ ಕಾಂಪ್ಲೆಕ್ಸ್ ಲಿಪಿಗೆ ಬೇರೆ ಫಾಂಟ್, ಬೇರೆ ಅಳತೆ. ಕನ್ನಡ ಎರಡನೆಯ ಗುಂಪಿನದು. ನುಡಿಯಲ್ಲಿ ಟೈಪ್ ಮಾಡಿದ್ದು ಕಂಪ್ಯೂಟರಿನ ಲೆಕ್ಕದಲ್ಲಿ ಕನ್ನಡವೇ ಅಲ್ಲ, ಇಂಗ್ಲಿಷ್ ಅಕ್ಷರ. ನಿಮ್ಮ 20 ಅಳತೆ ಆ ಮೇಲಿನ ಮನೆಯಲ್ಲಿ ಉಳಿದುಕೊಂಡಿದೆ. ಅಕ್ಷರ ಕೆಳಗಿನ ಮನೆಗೆ ಹೋಗಿದೆ.

ಹಳೇಮೊಳೆ · ಗುರುವಾರ ರಾತ್ರಿ 11:10

ಮೇಡಂ ಹೇಳಿದ್ದೇ ಸರಿ, ಇದಕ್ಕಿಂತ ಚೆನ್ನಾಗಿ ನಾನು ಹೇಳಲಾರೆ. ಕೋಡಿನಲ್ಲಿ 'ಚಾರ್ ಹೈಟ್' ಎಂಬ ಗುಣದ ಜೊತೆಗೆ 'ಚಾರ್ ಹೈಟ್ ಕಾಂಪ್ಲೆಕ್ಸ್' ಅಂತ ಇನ್ನೊಂದು ಇದೆ. ದಪ್ಪಕ್ಕೆ 'ಚಾರ್ ವೇಟ್ ಕಾಂಪ್ಲೆಕ್ಸ್', ವಾಲಿದ ಅಕ್ಷರಕ್ಕೆ 'ಚಾರ್ ಪೋಸ್ಚರ್ ಕಾಂಪ್ಲೆಕ್ಸ್', ಫಾಂಟಿಗೆ 'ಚಾರ್ ಫಾಂಟ್ ನೇಮ್ ಕಾಂಪ್ಲೆಕ್ಸ್', ಭಾಷೆಗೆ 'ಚಾರ್ ಲೊಕೇಲ್ ಕಾಂಪ್ಲೆಕ್ಸ್'. ಬದಲಿಸುವ ಮೊದಲು ಮೇಲಿನವನ್ನು ಓದಿಟ್ಟುಕೊಂಡು, ಬದಲಿಸಿದ ಮೇಲೆ ಕೆಳಗಿನವಕ್ಕೆ ಬರೆಯಿರಿ. ಭಾಷೆಯನ್ನು ಕನ್ನಡ ಅಂತ ಇಡುವುದನ್ನು ಮರೆಯಬೇಡಿ, ಕಾಗುಣಿತ ಪರೀಕ್ಷೆ ಅದನ್ನೇ ನೋಡುವುದು.

ಅಂಡೂ ಒಂದೇ ಸಲಕ್ಕೆ ಆಗುವ ಹಾಗೆ ಮಾಡಿದ್ದೀರಾ? ಅಂಡೂ ಮ್ಯಾನೇಜರ್‌ನಲ್ಲಿ ಒಂದು ಗುಂಪು ತೆರೆದು ಕೊನೆಗೆ ಮುಚ್ಚಬೇಕು. ಇಲ್ಲದಿದ್ದರೆ ಮೇಷ್ಟ್ರು ಕಂಟ್ರೋಲ್ ಝಡ್ ಒತ್ತಿದಾಗ ಒಂದೊಂದೇ ತುಂಡು ಹಿಂದಕ್ಕೆ ಹೋಗುತ್ತದೆ. ಸಾವಿರ ಸಲ ಒತ್ತಬೇಕಾಗುತ್ತದೆ.

ಹೇಮಾವತಿದಡ · ಶುಕ್ರವಾರ ರಾತ್ರಿ 9:30

ಮೊಳೆಜೋಡಣೆ ಅಕ್ಕ, ತುಂಬಾ ಥ್ಯಾಂಕ್ಸ್. ದಪ್ಪಕ್ಷರ ವಾಪಸ್ ಬಂತು, ಅಂಡೂ ಕೂಡ ಒಂದೇ ಸಲಕ್ಕೆ.

ಇನ್ನೊಂದು ವಿಚಿತ್ರ. ಪರೀಕ್ಷೆಯಲ್ಲಿ 'ಕಾರ್ಯದರ್ಶಿ' ಸರಿಯಾಗಿ ಬರುತ್ತದೆ. 2009ರ ಸಂಚಿಕೆಯಲ್ಲಿ ಮಾತ್ರ ಅದೇ ಪದದಲ್ಲಿ ಅರ್ಕಾವತ್ತು ತಪ್ಪಿ ಹೋಗುತ್ತದೆ. ಎರಡು ಪುಟ ದಾಟಿದರೆ ಅದೇ ಪದ ಸರಿ ಇದೆ.

ತುಂಗಾತೀರ · ಶುಕ್ರವಾರ ರಾತ್ರಿ 10:05

ಆ ಪದ ಒಂದೇ ತುಂಡಿನಲ್ಲಿ ಇದೆಯಾ ನೋಡಿ. ವರ್ಡ್‌ನಲ್ಲಿ ಹಲವು ಸಲ ತಿದ್ದಿದ ಫೈಲಿನಲ್ಲಿ ಒಂದೇ ಪದ ಎರಡು ಮೂರು ತುಂಡಾಗಿ ಇರುತ್ತದೆ. ಕಣ್ಣಿಗೆ ಏನೂ ಗೊತ್ತಾಗುವುದಿಲ್ಲ. ಯ ಒಂದು ತುಂಡಿನ ಕೊನೆಯಲ್ಲಿ, ಅರ್ಕಾವತ್ತು ಮುಂದಿನ ತುಂಡಿನ ಮೊದಲಲ್ಲಿ ಇದ್ದರೆ ನಿಮ್ಮ ಫಂಕ್ಷನ್‌ಗೆ ಅದರ ಹಿಂದಿನ ಅಕ್ಷರವೇ ಕಾಣುವುದಿಲ್ಲ. ಪಕ್ಕಪಕ್ಕದ ತುಂಡುಗಳ ಫಾಂಟ್, ಅಳತೆ, ದಪ್ಪ, ಬಣ್ಣ ಎಲ್ಲ ಒಂದೇ ಆಗಿದ್ದರೆ ಮೊದಲು ಅವನ್ನು ಕೂಡಿಸಿ, ಆಮೇಲೆ ಬದಲಿಸಿ.

ಹೇಮಾವತಿದಡ · ಶುಕ್ರವಾರ ರಾತ್ರಿ 11:40

ಹೌದು! ಮೂರು ತುಂಡು ಇತ್ತು. ಕೂಡಿಸಿದೆ, ಸರಿಯಾಯಿತು. ಪದದ ಅರ್ಧಕ್ಕೆ ಮಾತ್ರ ದಪ್ಪ ಇರುವ ಕಡೆ ಕೂಡಿಸಲು ಆಗುವುದಿಲ್ಲ. ಅಲ್ಲಿ ಒತ್ತು ಅಥವಾ ಅರ್ಕಾವತ್ತನ್ನು ಹಿಂದಿನ ತುಂಡಿಗೆ ಎಳೆದುಕೊಳ್ಳುವ ಹಾಗೆ ಬರೆದೆ. ಅಕ್ಷರ ಒಡೆಯಬಾರದು ಅಲ್ವಾ.

ಬಯಲುಗಾಳಿ · ಶನಿವಾರ ಬೆಳಿಗ್ಗೆ 9:00

ಪ್ರತಿ ತುಂಡಿಗೂ ನೇರವಾಗಿ ಫಾಂಟ್ ಅಂಟಿಸುವುದು ನನಗೆ ಸರಿ ಕಾಣುವುದಿಲ್ಲ. ಪ್ಯಾರಾ ಸ್ಟೈಲಿನಲ್ಲೇ ಕಾಂಪ್ಲೆಕ್ಸ್ ಫಾಂಟ್ ಬದಲಿಸಿದರೆ ಫೈಲ್ ಶುದ್ಧವಾಗಿ ಇರುತ್ತದೆ. ಮುಂದೆ ಯಾರಾದರೂ ಫಾಂಟ್ ಬದಲಿಸಬೇಕು ಅಂದರೆ ಒಂದು ಕಡೆ ತಿದ್ದಿದರೆ ಸಾಕು.

ಮೊಳೆಜೋಡಣೆ · ಶನಿವಾರ ಬೆಳಿಗ್ಗೆ 10:20

ಆ ಕಾಲದ ಫೈಲ್‌ಗಳಲ್ಲಿ ಸ್ಟೈಲ್ ಬಳಸಿದವರು ಯಾರು ಹೇಳಿ. ಎಲ್ಲವೂ 'ನಾರ್ಮಲ್', ಮೇಲೆ ಕೈಯಾರೆ ದಪ್ಪ, ಕೈಯಾರೆ ಅಳತೆ. ನನ್ನ ಅಂಗಡಿಗೆ ಬರುವ ಫೈಲ್‌ಗಳು ಈಗಲೂ ಹಾಗೇ ಇರುತ್ತವೆ. ಸ್ಟೈಲ್ ಮಾತ್ರ ಬದಲಿಸಿದರೆ ಏನೂ ಉಳಿಯುವುದಿಲ್ಲ. ನನ್ನ ಸಲಹೆ: ತುಂಡಿಗೂ ಹಾಕಿ, ಸ್ಟೈಲಿನ ಫಾಂಟ್ ನುಡಿ ಆಗಿದ್ದರೆ ಅಲ್ಲಿಯೂ ಹಾಕಿ. ಇಲ್ಲದಿದ್ದರೆ ಮೇಷ್ಟ್ರು ಹೊಸ ಸಾಲು ಟೈಪ್ ಮಾಡಿದಾಗ ಬೇರೆ ಫಾಂಟ್ ಬರುತ್ತದೆ.

ಹೇಮಾವತಿದಡ · ಭಾನುವಾರ ಸಂಜೆ 5:15

ಅಕ್ಕ ಹೇಳಿದ ಹಾಗೆ ಎರಡೂ ಕಡೆ ಹಾಕಿದೆ. ಇವತ್ತು ಪ್ಯಾಕೇಜ್ ಮಾಡಲು ಕೂತೆ. ಫೋಲ್ಡರನ್ನು ಜಿಪ್ ಮಾಡಿ ಓಎಕ್ಸ್‌ಟಿ (ಎಕ್ಸ್‌ಟೆನ್ಷನ್ ಫೈಲಿನ ಹೆಸರಿನ ಬಾಲ) ಅಂತ ಹೆಸರು ಬದಲಿಸಿದೆ. ಹಾಕಿದರೆ ಪಟ್ಟಿಯಲ್ಲಿ ಕಾಣುವುದೇ ಇಲ್ಲ.

ಹಳೇಮೊಳೆ · ಭಾನುವಾರ ಸಂಜೆ 6:00

ಫೋಲ್ಡರನ್ನೇ ಜಿಪ್ ಮಾಡಬಾರದು, ಅದರ ಒಳಗಿನದನ್ನು ಮಾಡಬೇಕು. ಜಿಪ್ ತೆರೆದ ತಕ್ಷಣ ಡಿಸ್ಕ್ರಿಪ್ಷನ್ ಎಕ್ಸ್‌ಎಂಎಲ್ ಮತ್ತು ಮೆಟಾ-ಇನ್ಫ್ ಫೋಲ್ಡರ್ ಮೇಲೇ ಕಾಣಬೇಕು. ಮೆಟಾ-ಇನ್ಫ್ ಒಳಗಿನ ಮ್ಯಾನಿಫೆಸ್ಟ್‌ನಲ್ಲಿ (ಪ್ಯಾಕೇಜಿನ ಫೈಲ್‌ಗಳ ಪಟ್ಟಿಯಲ್ಲಿ) ನಿಮ್ಮ ಪೈತಾನ್ ಫೈಲಿಗೆ 'ಯುನೋ ಕಾಂಪೊನೆಂಟ್, ಟೈಪ್ ಪೈತಾನ್' ಎಂಬ ಗುರುತು ಇರಬೇಕು, ಮೆನು ಹೇಳುವ ಆಡಾನ್ಸ್ ಎಕ್ಸ್‌ಸಿಯು ಫೈಲಿಗೆ 'ಕಾನ್ಫಿಗರೇಷನ್ ಡೇಟಾ' ಎಂಬ ಗುರುತು. ಅಕ್ಷರ ಬದಲಿಸುವ ಮೊದಲ ಪದರವನ್ನು 'ಪೈತಾನ್‌ಪಾತ್' ಎಂಬ ಹೆಸರಿನ ಫೋಲ್ಡರಿನಲ್ಲಿ ಇಡಿ, ಅದು ತಾನಾಗಿ ಸಿಗುತ್ತದೆ.

ಉದಾಹರಣೆಯಿಂದ ಕಾಪಿ ಮಾಡಿದ ಎಕ್ಸ್‌ಟೆನ್ಷನ್‌ನ ಹೆಸರನ್ನು (ಐಡೆಂಟಿಫೈಯರ್) ಹಾಗೇ ಬಿಡಬೇಡಿ. ಅದೇ ಹೆಸರಿನ ಇನ್ನೊಂದು ಎಕ್ಸ್‌ಟೆನ್ಷನ್ ಇದ್ದರೆ ಎರಡೂ ಒಂದಕ್ಕೊಂದು ಅಡ್ಡ ಬರುತ್ತವೆ. ಹಾಕುವುದನ್ನು ಯುನೋಪಿಕೆಜಿ ಕಮಾಂಡ್‌ನಿಂದ ಮಾಡಿ, ತಪ್ಪಿದ್ದರೆ ಅದು ಬಾಯಿಬಿಟ್ಟು ಹೇಳುತ್ತದೆ. ಕೋಡ್ ತಿದ್ದಿದ ಮೇಲೆ ಆಫೀಸ್ ಪೂರ್ತಿ ಮುಚ್ಚಿ ತೆರೆಯಿರಿ, ಒಮ್ಮೆ ಒಳಗೆ ಹೋದ ಪೈತಾನ್ ಫೈಲನ್ನು ಅದು ಮತ್ತೆ ಓದುವುದಿಲ್ಲ. ಮೆನುವಿನ ಹೆಸರನ್ನು ಕನ್ನಡದಲ್ಲೂ ಕೊಡಿ, ಎಕ್ಸ್‌ಸಿಯು ಫೈಲಿನಲ್ಲಿ ಭಾಷೆಗೊಂದು ಸಾಲು ಬರೆಯಲು ಜಾಗ ಇದೆ.

ಹೇಮಾವತಿದಡ · ಮುಂದಿನ ಶನಿವಾರ ರಾತ್ರಿ 8:45

ಇವತ್ತು ಮೇಷ್ಟ್ರ ಮನೆಗೆ ಹೋಗಿದ್ದೆ. ಅವರ ಕಂಪ್ಯೂಟರಿನಲ್ಲಿ ಹಾಕಿಕೊಟ್ಟೆ. ಮೆನುವಿನಲ್ಲಿ 'ನುಡಿಯಿಂದ ಯುನಿಕೋಡ್‌ಗೆ' ಅಂತ ಕನ್ನಡದಲ್ಲೇ ಬಂತು. ಅವರೇ ಒತ್ತಿದರು. ಗಾದೆಗಳ ಮೊದಲ ಫೈಲ್ ಬದಲಾಯಿತು. ಆಮೇಲೆ ಹುಡುಕುವ ಪೆಟ್ಟಿಗೆಯಲ್ಲಿ 'ಮಳೆ' ಅಂತ ಟೈಪ್ ಮಾಡಿ ತೋರಿಸಿದೆ. ಒಂದೊಂದಾಗಿ ಹಳದಿ ಬಣ್ಣದಲ್ಲಿ ಹನ್ನೊಂದು ಗಾದೆ ಎದ್ದು ಬಂದವು. ಅವರು ಒಂದೊಂದನ್ನೂ ಗಟ್ಟಿಯಾಗಿ ಓದಿದರು.

ಎಂಟನೆಯ ಫೈಲ್ ಮಾತ್ರ ಬದಲಾಗಲಿಲ್ಲ. ಫಾಂಟ್ ಹೆಸರು ನೋಡಿದರೆ ಶ್ರೀಲಿಪಿ ಎಂಬ ಇನ್ನೊಂದು ತಂತ್ರಾಂಶದ್ದು. ಅದರ ಸಂಕೇತ ಬೇರೆ ಅಲ್ವಾ?

ಮೊಳೆಜೋಡಣೆ · ಶನಿವಾರ ರಾತ್ರಿ 9:20

ಬೇರೆಯೇ. ಯಾವ ಅಕ್ಷರಕ್ಕೆ ಯಾವ ಸಂಕೇತ ಅಂತ ನಾನು ಒಂದು ನೋಟ್‌ಬುಕ್‌ನಲ್ಲಿ ಬರೆದಿಟ್ಟಿದ್ದೇನೆ. ಕ ದಿಂದ ಮ ವರೆಗೆ ಇದೆ, ಒತ್ತುಗಳು ಬಾಕಿ. ನಾಳೆ ಅಂಗಡಿಗೆ ರಜೆ, ಉಳಿದದ್ದನ್ನು ಮುಗಿಸಿ ಫೋಟೋ ತೆಗೆದು ಇಲ್ಲೇ ಹಾಕುತ್ತೇನೆ.